ಮದುವೆ, ಸಂಸಾರ, ಸರ್ಕಾರ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ನಾವು ನಾಲ್ಕು ಜನ ವಾರಕ್ಕೆ ಎರಡು ಸಂಜೆ ಕೂರುತ್ತೇವೆ. ಅರ್ಜಿ ತುಂಬಿಕೊಡುತ್ತೇವೆ. ಯಾವ ಕೆಲಸಕ್ಕೆ ಯಾವ ಕಚೇರಿ ಅಂತ ಹೇಳುತ್ತೇವೆ. ಬರುವವರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಕ್ಯಾಬ್ ಓಡಿಸುವವರು, ಮಗಳ ಮದುವೆ ಗೊತ್ತು ಮಾಡಿಕೊಂಡ ಅಪ್ಪ ಅಮ್ಮಂದಿರೇ ಜಾಸ್ತಿ. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅದಕ್ಕೇ ಬರೆದಿಡುತ್ತಿದ್ದೇನೆ. ಸೌಲಭ್ಯದ ಮೊತ್ತ, ನಿಯಮ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆಯಾ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಮದುವೆ ನಮ್ಮ ಮನೆ ವಿಷಯ. ಸರ್ಕಾರಕ್ಕೇನು ಕೆಲಸ ಇಲ್ಲಿ?

ಯಾರನ್ನು ಮದುವೆಯಾಗಬೇಕು ಅನ್ನೋದು ನಿಮ್ಮ ವಿಷಯ. ಆದರೆ ಆಸ್ತಿ, ಪಿಂಚಣಿ, ಮಗುವಿನ ಹಕ್ಕು, ಜೀವನಾಂಶ ಎಲ್ಲವೂ ಮದುವೆಯ ಮೇಲೆ ನಿಂತಿವೆ. ಹಾಗಾಗಿ ಸರ್ಕಾರ ಮೂರು ಕಡೆ ಕೈ ಹಾಕುತ್ತದೆ. ಮದುವೆಯ ಖರ್ಚಿಗೆ ಸ್ವಲ್ಪ ಹಣ ಕೊಡುತ್ತದೆ. ಮದುವೆಯನ್ನು ದಾಖಲೆ ಮಾಡುತ್ತದೆ. ಸಂಸಾರ ಹದಗೆಟ್ಟಾಗ ಮಾತುಕತೆಗೆ, ರಕ್ಷಣೆಗೆ ಜಾಗ ಕೊಡುತ್ತದೆ. ಮೊದಲನೆಯದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊನೆಯದರ ಬಗ್ಗೆ ಬಹಳ ತಡವಾಗಿ ಕೇಳುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ.

ಛತ್ರದಲ್ಲಿ ಐನೂರು ಜನರ ಮುಂದೆ ಮದುವೆ ಆಗಿದೆ. ಮತ್ತೆ ನೋಂದಣಿ ಯಾಕೆ?

ಐನೂರು ಜನ ಊಟ ಮಾಡಿಕೊಂಡು ಹೋಗುತ್ತಾರೆ. ಇಪ್ಪತ್ತು ವರ್ಷ ಆದ ಮೇಲೆ ಕಚೇರಿಗೆ ಬಂದು ಸಾಕ್ಷಿ ಹೇಳುವವರು ಯಾರು?

ನನ್ನ ಅಕ್ಕನ ಮಾತು ಹೇಳುತ್ತೇನೆ. ಭಾವ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಪಿಎಫ್ ಹಣಕ್ಕೆ ಹೋದರೆ ಮದುವೆ ಪ್ರಮಾಣಪತ್ರ ಕೇಳಿದರು. ಇರಲಿಲ್ಲ. ಅಕ್ಕ ಟ್ರಂಕಿನ ತಳದಿಂದ ಲಗ್ನಪತ್ರಿಕೆ ತೆಗೆದಳು. ಅರಿಶಿನ ಹಚ್ಚಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಭಾವನ ಹೆಸರು ಅರ್ಧ ಉಳಿದಿತ್ತು, ತಾರೀಖು ಹೋಗಿತ್ತು. ಆ ಕಾಗದ ಹಿಡಿದುಕೊಂಡು ಏಳು ತಿಂಗಳು ಅಲೆದಳು. ಗಂಡ ಹೋದ ದುಃಖದ ಜೊತೆಗೆ, ನಾನು ಅವರ ಹೆಂಡತಿ ಅಂತ ಸಾಬೀತು ಮಾಡುವ ಕೆಲಸವೂ ಅವಳ ತಲೆ ಮೇಲೆ ಬಿತ್ತು.

ಕಾನೂನೂ ಇದನ್ನೇ ಹೇಳುತ್ತದೆ. ಮದುವೆ ನೋಂದಣಿ ಕಡ್ಡಾಯ ಮಾಡುವ ಕಾಯ್ದೆ ಕರ್ನಾಟಕದಲ್ಲಿ 1976ರದ್ದೇ ಇದೆ. ಎಲ್ಲ ಧರ್ಮದವರ ಮದುವೆಯೂ ನೋಂದಣಿ ಆಗಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. 2024ರಿಂದ ಕಾವೇರಿ 2.0 ಜಾಲತಾಣದಲ್ಲಿ ಆನ್‌ಲೈನ್ ಅರ್ಜಿಗೂ ಅವಕಾಶ ಇದೆ. ಹಳೆಯ ಮದುವೆಯನ್ನೂ ಈಗ ನೋಂದಣಿ ಮಾಡಿಸಬಹುದು. ಮದುವೆಯಾಗಿ ಹತ್ತು ವರ್ಷ ಆಯ್ತು ಅಂತ ಸುಮ್ನೆ ಕೂರಬೇಡಿ.

ಹಾಗಾದ್ರೆ ಬರೀ ನೋಂದಣಿ ಮಾಡಿಸಿದ್ರೆ ಸಾಕಲ್ವಾ? ಶಾಸ್ತ್ರ ಆಮೇಲೆ ಮಾಡ್ಕೋತೀವಿ.

ಇಲ್ಲಿ ಜಾಗ್ರತೆ. ವೀಸಾಗೆ ಬೇಕು, ಸಾಲಕ್ಕೆ ಬೇಕು ಅಂತ ಮೊದಲು ಸರ್ಟಿಫಿಕೇಟ್ ಮಾಡಿಸಿ, ಆರು ತಿಂಗಳ ಮೇಲೆ ಛತ್ರ ಹಿಡಿಯುವವರು ಬೆಂಗಳೂರಿನಲ್ಲಿ ತುಂಬಾ ಜನ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಆಗುವುದು ಶಾಸ್ತ್ರದಿಂದ. ನೋಂದಣಿ ಅದಕ್ಕೆ ಪುರಾವೆ ಅಷ್ಟೇ. ಶಾಸ್ತ್ರವೇ ನಡೆಯದಿದ್ದರೆ ಬರೀ ಸರ್ಟಿಫಿಕೇಟ್‌ನಿಂದ ಮದುವೆ ಆದಂತಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟ ಮಾಡಿದೆ. ಶಾಸ್ತ್ರ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ ಅಧಿಕಾರಿಯ ಮುಂದೆ ಮಾಡುವ ಘೋಷಣೆ, ಹಾಕುವ ಸಹಿಯೇ ಮದುವೆ.

ನಮ್ಮಿಬ್ಬರದು ಬೇರೆ ಬೇರೆ ಧರ್ಮ. ನೋಟಿಸ್ ಹಾಕ್ತಾರಂತೆ, ಮನೆಯವರಿಗೆ ಗೊತ್ತಾಗುತ್ತಾ?

ಈ ವಿಶೇಷ ವಿವಾಹ ಕಾಯ್ದೆಯಡಿ ನೀವು ಮದುವೆಯಾಗಬಹುದು, ಧರ್ಮ ಬದಲಿಸಬೇಕಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇದ್ದಿರಬೇಕು. ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಆಮೇಲೆ ಮೂರು ಸಾಕ್ಷಿಗಳ ಜೊತೆ ಹೋಗಬೇಕು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ನೋಟಿಸ್ ಕಚೇರಿಯ ಗೋಡೆ ಮೇಲೆ ಹಾಕುವುದು ನಿಜ. ಆದರೆ ಅಪ್ಪ ಅಮ್ಮನಿಗೆ ಇಷ್ಟ ಇಲ್ಲ ಅನ್ನೋದು ಕಾನೂನಿನಲ್ಲಿ ಆಕ್ಷೇಪಣೆಯೇ ಅಲ್ಲ. ವಯಸ್ಸು ಆಗಿಲ್ಲ, ಈಗಾಗಲೇ ಮದುವೆ ಆಗಿದೆ, ಮಾನಸಿಕವಾಗಿ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲ, ತೀರಾ ಹತ್ತಿರದ ರಕ್ತಸಂಬಂಧ, ಇಂಥವು ಮಾತ್ರ ನಡೆಯುತ್ತವೆ. ಬೆದರಿಕೆ ಇದ್ದರೆ ಪೊಲೀಸ್ ರಕ್ಷಣೆ ಕೇಳುವ ಹಕ್ಕು ನಿಮಗಿದೆ. ಇಷ್ಟಪಟ್ಟು ಮದುವೆಯಾದವರಿಗೆ ರಕ್ಷಣೆ ಕೊಡಲು ಜಿಲ್ಲೆಗೊಂದು ವಿಶೇಷ ಘಟಕ ಮಾಡಿ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ರಾಜ್ಯಗಳಿಗೆ ಹೇಳಿದೆ.

ಇಬ್ಬರೂ ಗಂಡಸರು ಅಥವಾ ಇಬ್ಬರೂ ಹೆಂಗಸರು ಆಗಿದ್ದರೆ ಸದ್ಯ ನೋಂದಣಿ ಆಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು.

ಅಂತರ್ಜಾತಿ ಮದುವೆಯಾದ್ರೆ ಸರ್ಕಾರ ದುಡ್ಡು ಕೊಡುತ್ತಂತೆ. ನಾವು ಗೌಡರು, ಹುಡುಗಿ ಲಿಂಗಾಯತರು. ನಮಗೂ ಬರುತ್ತಾ?

ಬರುವುದಿಲ್ಲ. ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಸಮಾಜ ಕಲ್ಯಾಣ ಇಲಾಖೆಯ ಈ ಪ್ರೋತ್ಸಾಹಧನ ಇರುವುದು ಅಸ್ಪೃಶ್ಯತೆಯ ಗೋಡೆ ಒಡೆಯಲಿಕ್ಕೆ. ಆದ್ದರಿಂದ ಇಬ್ಬರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು, ಇನ್ನೊಬ್ಬರು ಬೇರೆ ಜಾತಿಯವರು ಆಗಿರಬೇಕು. ಹುಡುಗ ಪರಿಶಿಷ್ಟ ಜಾತಿಯವನಾದರೆ 2.5 ಲಕ್ಷ ರೂ., ಹುಡುಗಿ ಪರಿಶಿಷ್ಟ ಜಾತಿಯವಳಾದರೆ 3 ಲಕ್ಷ ರೂ. ಪರಿಶಿಷ್ಟ ಜಾತಿಯ ಒಳಪಂಗಡಗಳ ನಡುವಿನ ಮದುವೆಗೆ, ವಿಧವೆಯರ ಮರುಮದುವೆಗೆ ಬೇರೆ ಬೇರೆ ಸಹಾಯಧನ ಇದೆ. ಆದಾಯದ ಮಿತಿ ಇದೆ, ಅರ್ಜಿಗೆ ಗಡುವು ಇದೆ. ಮದುವೆ ನೋಂದಣಿ ಪತ್ರ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ.

ಕೆಲವರು ಕೇಳುತ್ತಾರೆ, ದುಡ್ಡು ಕೊಟ್ಟರೆ ಜಾತಿ ಹೋಗುತ್ತಾ ಅಂತ. ಹೋಗುವುದಿಲ್ಲ. ಆದರೆ ಎರಡೂ ಮನೆಯಿಂದ ಹೊರಗೆ ಬಿದ್ದ ಜೋಡಿಗೆ ಬಾಡಿಗೆ ಮನೆಯ ಅಡ್ವಾನ್ಸ್, ಒಂದು ಗ್ಯಾಸ್ ಸ್ಟೌ, ಒಂದು ಹಾಸಿಗೆ ಬೇಕಲ್ವಾ? ಬೆಂಗಳೂರಿನಲ್ಲಿ ಅಡ್ವಾನ್ಸ್ ಹೊಂದಿಸುವುದರಲ್ಲೇ ಅರ್ಧ ಪ್ರೀತಿ ಬಳಲಿಹೋಗುತ್ತದೆ. ಈ ಹಣ ಆ ಮೊದಲ ವರ್ಷ ದಾಟಿಸುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಸಾಲ ಮಾಡದೆ ಮದುವೆ ಮಾಡೋಕೆ ಏನಾದ್ರೂ ದಾರಿ ಇದೆಯಾ?

ಇದೆ. ಮುಜರಾಯಿ ಇಲಾಖೆಯ ಸರಳ ಸಾಮೂಹಿಕ ವಿವಾಹ. 2020ರಲ್ಲಿ ಸಪ್ತಪದಿ ಅನ್ನೋ ಹೆಸರಲ್ಲಿ ಪ್ರಕಟವಾಯಿತು. ಆಗ ಒಂದು ಜೋಡಿಗೆ 55,000 ರೂ. ಲೆಕ್ಕ ಇಟ್ಟಿದ್ದರು: ವರನ ಬಟ್ಟೆಗೆ 5,000, ವಧುವಿನ ಧಾರೆ ಸೀರೆಗೆ 10,000, 8 ಗ್ರಾಂ ಚಿನ್ನದ ತಾಳಿಗೆ 40,000. ಕೊರೋನಾ ಬಂದು ಮೊದಲ ಮುಹೂರ್ತವೇ ಮುಂದೆ ಹೋಯಿತು. ಆಮೇಲೆ ಹೆಸರು ಮಾಂಗಲ್ಯ ಭಾಗ್ಯ ಅಂತ ಆಯಿತು. ಸರ್ಕಾರ ಶುರು ಮಾಡುವ ಮುಂಚೆಯೇ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆ ನಡೆಯುತ್ತಿದೆ, ನಿಮಗೆ ಗೊತ್ತೇ ಇರುತ್ತದೆ.

ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದವರಿಗೆ ಮದುವೆ ಸಹಾಯಧನ 60,000 ರೂ. ಕಾರ್ಮಿಕರ ಸ್ವಂತ ಮದುವೆಗೆ ಅಥವಾ ಇಬ್ಬರು ಮಕ್ಕಳ ಮದುವೆವರೆಗೆ. ಇದನ್ನು ದಾನ ಅಂತ ತಿಳಿಯಬೇಡಿ. ಈ ಊರಿನಲ್ಲಿ ಏಳುವ ಒಂದೊಂದು ಅಪಾರ್ಟ್‌ಮೆಂಟ್ ಖರ್ಚಿನ ಮೇಲೆ ವಸೂಲಾಗುವ ಶೇಕಡಾ 1ರ ಸೆಸ್‌ನಿಂದ ಬರುವ ಹಣ ಅದು. ಗಾರೆ ಕಲಸಿದವರ ಹಣವೇ. ಕಾರ್ಡ್ ನವೀಕರಣ ಮಾಡಿಸದೆ ಈ ಹಣ ಕಳೆದುಕೊಂಡವರು ತುಂಬಾ ಜನ. ಇವತ್ತೇ ಕಾರ್ಡ್ ತೆಗೆದು ಕೊನೆಯ ತಾರೀಖು ನೋಡಿ.

ಮಗಳಿಗೆ ಹದಿನೇಳು ವರ್ಷ ಹತ್ತು ತಿಂಗಳು. ಒಳ್ಳೆ ಸಂಬಂಧ ಬಂದಿದೆ. ಎರಡು ತಿಂಗಳು ತಾನೇ?

ಆಗುವುದಿಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಬಾಲ್ಯವಿವಾಹವನ್ನು ಮೊದಲಿಂದಲೇ ಅಸಿಂಧು ಅಂತ ಮಾಡಿದೆ. ಅಂದರೆ ಕಾನೂನಿನ ಕಣ್ಣಿಗೆ ಆ ಮದುವೆ ನಡೆದೇ ಇಲ್ಲ. ಮದುವೆ ಮಾಡಿಸಿದವರ ಮೇಲೂ ಕೇಸ್ ಆಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21ರಷ್ಟು ಮಂದಿಗೆ 18ಕ್ಕೆ ಮುಂಚೆಯೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು. ಇಂಥ ಮದುವೆ ನಡೆಯುತ್ತಿರುವುದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ನಮ್ಮ ಊರ ಕಡೆ ಹುಡುಗರಿಗೆ ಹೆಣ್ಣೇ ಸಿಗ್ತಿಲ್ಲ. ಸರ್ಕಾರ ಏನಾದ್ರೂ ಮಾಡಬಾರದಾ?

ಮಂಡ್ಯ, ಹಾಸನ, ತುಮಕೂರಿನಿಂದ ಬಂದು ಇಲ್ಲಿ ನೆಲೆಸಿದ ಅಮ್ಮಂದಿರು ಈ ಪ್ರಶ್ನೆ ಕೇಳುವಾಗ ಅವರ ಗಂಟಲು ಕಟ್ಟುತ್ತದೆ. ಮಗನಿಗೆ ಮೂವತ್ತೈದು ದಾಟಿದೆ, ಎರಡು ಎಕರೆ ಗದ್ದೆ ಇದೆ, ಹಸು ಇದೆ, ಕುಡಿತ ಇಲ್ಲ. ಆದರೂ ಬ್ರೋಕರ್ ಫೋನ್ ಎತ್ತುವುದಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಮದುವೆಯಾಗದ ಹುಡುಗರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷ ಚುನಾವಣೆಗೆ ಮುಂಚೆ ಎಚ್.ಡಿ. ಕುಮಾರಸ್ವಾಮಿಯವರು, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂ. ಕೊಡುತ್ತೇವೆ ಅಂತ ಭರವಸೆ ಕೊಟ್ಟರು.

ನನ್ನ ಅಭಿಪ್ರಾಯ ಹೇಳುತ್ತೇನೆ. ಎರಡು ಲಕ್ಷಕ್ಕೆ ಯಾವ ಹುಡುಗಿಯೂ ತನ್ನ ಮುಂದಿನ ನಲವತ್ತು ವರ್ಷ ಕೊಡುವುದಿಲ್ಲ, ಕೊಡಲೂಬಾರದು. ಹುಡುಗಿಯರನ್ನೇ ಕೇಳಿ ನೋಡಿ. ನಮ್ಮ ಕೋಣೆಗೆ ಬರುವ ಹೊಲಿಗೆ ಕೆಲಸದ ಹುಡುಗಿ ಒಬ್ಬಳು ನೇರವಾಗಿ ಹೇಳಿದಳು: "ಅಕ್ಕಾ, ಗದ್ದೆಗೆ ಹೆದರಲ್ಲ. ನಾಲ್ಕು ಗಂಟೆಗೆ ಎದ್ದು ಸಗಣಿ ಬಾಚಿ, ರಾತ್ರಿ ಹತ್ತಕ್ಕೆ ಪಾತ್ರೆ ತೊಳೆದು, ಕೈಯಲ್ಲಿ ಹತ್ತು ರೂಪಾಯಿ ಇಲ್ಲದೆ ಅತ್ತೆ ಮುಖ ನೋಡೋದಿದೆಯಲ್ಲ, ಅದಕ್ಕೆ ಹೆದರ್ತೀನಿ." ಬೆಳೆಗೆ ಬೆಲೆ ಸಿಗಬೇಕು, ಹಳ್ಳಿ ಹತ್ತಿರ ಹೆಣ್ಣುಮಕ್ಕಳಿಗೂ ಸಂಬಳದ ಕೆಲಸ ಇರಬೇಕು, ಸೊಸೆಯ ಕೈಯಲ್ಲೂ ಕಾಸು ಓಡಾಡಬೇಕು. ಆಗ ಸಂಬಂಧ ತಾನಾಗಿ ಕುದುರುತ್ತದೆ.

ಇನ್ನೊಂದು ಮಾತು ನೋವಿನದು, ಆದರೂ ಹೇಳಲೇಬೇಕು. ಆ ಹುಡುಗಿಯರಲ್ಲಿ ಕೆಲವರನ್ನು ನಾವು ಹುಟ್ಟಲೇ ಬಿಟ್ಟಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ 1994ರಲ್ಲೇ ಬಂದಿದೆ. ಆದರೂ 2023ರಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲದ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಮಂಡ್ಯದ ಒಂದು ಆಲೆಮನೆಯಲ್ಲಿ. ಬೆಲ್ಲ ಕಾಯಿಸುವ ಜಾಗದಲ್ಲಿ.

ಮದುವೆಯಾಗಿ ಆರು ತಿಂಗಳು. ದಿನಾ ಜಗಳ. ಕೋರ್ಟಿಗೆ ಹೋಗೋ ಮುಂಚೆ ಯಾರ ಹತ್ರ ಹೋಗಬಹುದು?

ಇಷ್ಟು ಬೇಗ ಕೇಳಿದಿರಲ್ಲ, ನನಗೆ ಸಂತೋಷ. ಸಾಮಾನ್ಯವಾಗಿ ಎರಡೂ ಕಡೆಯ ಹಿರಿಯರು ನಾಲ್ಕು ಪಂಚಾಯ್ತಿ ಮಾಡಿ, ಮಾತಿಗೆ ಮಾತು ಬೆಳೆದು, ಒಡವೆ ಲೆಕ್ಕ ಶುರುವಾದ ಮೇಲೆ ಬರುತ್ತಾರೆ.

ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಾಂತ್ವನ ಕೇಂದ್ರಗಳು, ಸಖಿ ಕೇಂದ್ರಗಳು ಇವೆ. ಪೊಲೀಸರ ವನಿತಾ ಸಹಾಯವಾಣಿ ಇದೆ. ಅಲ್ಲಿ ಆಪ್ತ ಸಮಾಲೋಚಕರು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿಗೆ ಹೋದರೆ ಕೇಸ್ ಹಾಕಿದಂತಲ್ಲ. ಉಚಿತ ಕಾನೂನು ಸಲಹೆಗೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ.

ಗಂಡಸರೂ ಬರಬೇಕು. ಬರುವುದಿಲ್ಲ, ನಾಚಿಕೆ ಪಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ, ಬೆಳಗಿನ ಪಾಳಿಗೆ ಹೊರಟ ಹೆಂಡತಿ, ಇಬ್ಬರೂ ಮುಖ ನೋಡಿಕೊಳ್ಳುವುದೇ ಭಾನುವಾರ. ಒಂದೇ ಕೋಣೆಯ ಮನೆ, ನೀರು ಬರುವುದು ಮೂರು ದಿನಕ್ಕೊಮ್ಮೆ. ಇಂಥ ಕಡೆ ಜಗಳ ಆದರೆ ಅದಕ್ಕೆ ಯಾರ ಗುಣವೂ ಕಾರಣ ಇರಬೇಕಿಲ್ಲ.

ಕೌಟುಂಬಿಕ ನ್ಯಾಯಾಲಯದಲ್ಲಿ ಬಲವಂತವಾಗಿ ಒಂದು ಮಾಡ್ತಾರಂತೆ, ಹೌದಾ?

ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಪ್ರಕಾರ ರಾಜಿಗೆ ಮೊದಲು ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ಪ್ರಯತ್ನ ಮಾತ್ರ. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡಕ್ಕೆ ಹೋಗಬೇಕು. ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ ಇದೆ, 2007ರಿಂದ ನಡೆಯುತ್ತಿದೆ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ನಾಳೆ ನಿಮ್ಮ ವಿರುದ್ಧ ಸಾಕ್ಷಿಯೂ ಆಗುವುದಿಲ್ಲ.

ಒಮ್ಮೆ ಒಬ್ಬ ಹೆಣ್ಣುಮಗಳ ಜೊತೆ ನಾನೂ ಹೋಗಿದ್ದೆ. ಕಾರಿಡಾರಿನಲ್ಲಿ ಎದುರುಬದುರು ಎರಡು ಬೆಂಚು. ಈ ಕಡೆ ಇವಳು, ಆ ಕಡೆ ಗಂಡ, ಅವನ ಪಕ್ಕ ಅವನ ಅಮ್ಮ. ಮೂರು ವರ್ಷದ ಮಗು ಎರಡೂ ಬೆಂಚಿನ ನಡುವೆ ಓಡಾಡುತ್ತಿತ್ತು. ಅಪ್ಪನ ಹತ್ತಿರ ಒಂದು ಬಿಸ್ಕತ್ತು ಈಸಿಕೊಂಡು ಬಂದು, ಅರ್ಧ ಮುರಿದು ಅಮ್ಮನ ಬಾಯಿಗೆ ಇಟ್ಟಿತು. ಇವಳು ತಿಂದಳು. ಅವನು ನೋಡಿದ. ಆಮೇಲೆ ಇಬ್ಬರೂ ತಲೆ ತಗ್ಗಿಸಿದರು.

ನಾಲ್ಕು ಸಲ ಕೂತು ಮಾತಾಡಿದರು. ಒಂದಾಗಲಿಲ್ಲ. ಆದರೆ ಮಗು ಯಾರ ಹತ್ತಿರ, ಯಾವ ವಾರ ಯಾರ ಮನೆ, ಶಾಲೆ ಫೀಸು ಯಾರು ಕಟ್ಟಬೇಕು ಎಲ್ಲವನ್ನೂ ಬಾಯಿಬಿಟ್ಟು ಮಾತಾಡಿ ಬರೆದುಕೊಂಡರು. ಈಗಲೂ ಮಗುವಿನ ಹುಟ್ಟುಹಬ್ಬಕ್ಕೆ ಇಬ್ಬರೂ ಬರುತ್ತಾರೆ. ನಾನು ಅದನ್ನು ಸೋಲು ಅಂತ ಎಣಿಸುವುದಿಲ್ಲ. ಒಂದಾಗಿ ಹೋದ ಜೋಡಿಗಳೂ ಇದ್ದಾರೆ. ಲೋಕ ಅದಾಲತ್‌ನಲ್ಲಿ ಮತ್ತೆ ಹಾರ ಹಾಕಿಕೊಂಡ ಫೋಟೋ ಪೇಪರಿನಲ್ಲಿ ನೀವೂ ನೋಡಿರುತ್ತೀರಿ.

ನಿಯಮ ಕೇಳುವವರಿಗೆ: ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾದ ಮೊದಲ ವರ್ಷದಲ್ಲಿ ಸಾಮಾನ್ಯವಾಗಿ ವಿಚ್ಛೇದನ ಅರ್ಜಿ ತೆಗೆದುಕೊಳ್ಳುವುದಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ರಾಜಿಯ ದಾರಿ ಪೂರ್ತಿ ಮುಚ್ಚಿದ್ದರೆ ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಅಂತ 2017ರ ತೀರ್ಪಿದೆ.

ಗಂಡ ಹೊಡೀತಾನೆ. ಅಲ್ಲೂ ಹೊಂದಿಕೊಂಡು ಹೋಗು ಅಂತಾನೇ ಹೇಳ್ತಾರಾ?

ಹಾಗೆ ಹೇಳಿದರೆ ಎದ್ದು ಬನ್ನಿ. ಇನ್ನೊಬ್ಬರ ಹತ್ತಿರ ಹೋಗಿ. ಹೊಡೆತ ತಿಂದುಕೊಂಡು ಉಳಿಸುವ ಸಂಸಾರ ಯಾವ ಸರ್ಕಾರಕ್ಕೂ ಬೇಕಿಲ್ಲ.

ತಕ್ಷಣದ ಅಪಾಯಕ್ಕೆ 112. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾಧಿಕಾರಿಗೆ ದೂರು ಕೊಡಬಹುದು. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸ ನೋಡುತ್ತಾರೆ. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿಮಗಿದೆ. ಸುಮ್ನೆ ಹೊರಗೆ ಹಾಕಲು ಬರುವುದಿಲ್ಲ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ.

ಗೃಹಲಕ್ಷ್ಮಿ ಹಣದಿಂದ ಅತ್ತೆ ಸೊಸೆ ಬೇರೆಯಾಗ್ತಿದ್ದಾರೆ ಅಂತಾರಲ್ಲ?

ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಹೆಂಗಸಿಗೆ ತಿಂಗಳಿಗೆ 2,000 ರೂ. ಬರುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ಯಜಮಾನಿ ಅತ್ತೆಯೋ ಸೊಸೆಯೋ ಅನ್ನುವ ಮಾತು ಕೆಲವು ಮನೆಯಲ್ಲಿ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಜಾಸ್ತಿ ನೋಡಿದ್ದು ಬೇರೆ. ಗಂಡನ ಮುಂದೆ ಕೈ ಚಾಚದೆ ಮಗುವಿಗೆ ಔಷಧಿ ತಂದವರು. ಕುಕ್ಕರ್ ಗ್ಯಾಸ್ಕೆಟ್ ತಂದವರು. ಅದೇ ವರ್ಷ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ, ಹಬ್ಬಕ್ಕೆ ಕಾಯದೆ ತವರಿಗೆ ಹೋಗಿ ಎರಡು ದಿನ ಅಮ್ಮನ ಜೊತೆ ಇದ್ದು ಬಂದವರು. ಮನಸ್ಸು ಹಗುರ ಮಾಡಿಕೊಂಡು ವಾಪಸ್ ಬಂದ ಹೆಂಡತಿ ಮನೆಗೆ ಒಳ್ಳೆಯದೇ ಅಲ್ವಾ?

ಹೆರಿಗೆ ಆದ್ಮೇಲೆ ಕೆಲಸ ಬಿಡಲೇಬೇಕಾ?

ಬೇಡ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ 2017ರಿಂದ ಇದೆ. ಇಎಸ್‌ಐ ಇದ್ದವರಿಗೆ ಆ ಹಣ ಇಎಸ್‌ಐನಿಂದ ಬರುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಲೇಬೇಕು. ಅಮ್ಮ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು. ನನ್ನನ್ನು ಕೇಳಿದರೆ, ಮದುವೆಗೆ ಕೊಡುವ ತಾಳಿಗಿಂತ ಈ ಕೋಣೆಯೇ ಹೆಚ್ಚು ಸಂಸಾರ ಉಳಿಸುತ್ತದೆ. ಇದರ ಮೇಲೆ ತಪಾಸಣೆ ಬಿಗಿಯಾಗಬೇಕು. ಎಷ್ಟೋ ಕಡೆ ಕೋಣೆ ಇದೆ, ತೊಟ್ಟಿಲೂ ಇದೆ, ನೋಡಿಕೊಳ್ಳುವ ಆಯಾ ಇಲ್ಲ.

ಬೇರೆ ದೇಶಗಳಲ್ಲಿ ಮದುವೆಗೆ ಸರ್ಕಾರವೇ ಮುಂದೆ ನಿಲ್ಲುತ್ತಂತೆ?

ಸಿಂಗಾಪುರದಲ್ಲಿ 1984ರಿಂದಲೇ ಹುಡುಗ ಹುಡುಗಿಯರನ್ನು ಭೇಟಿ ಮಾಡಿಸಲು ಸರ್ಕಾರಿ ಘಟಕ ಇತ್ತು. ಅಮೆರಿಕ 2006ರ ಹೊತ್ತಿಗೆ ವರ್ಷಕ್ಕೆ 15 ಕೋಟಿ ಡಾಲರ್ ಎತ್ತಿಟ್ಟು, ಅದರ ದೊಡ್ಡ ಪಾಲಿನಲ್ಲಿ ದಂಪತಿಗಳಿಗೆ ಮಾತಾಡುವ, ಜಗಳ ಬಗೆಹರಿಸಿಕೊಳ್ಳುವ ತರಗತಿಗಳಿಗೆ ಹಣ ಕೊಟ್ಟಿತು. ಮದುವೆಯಾಗದ, ಮಗು ಇರುವ ಬಡ ಜೋಡಿಗಳಿಗಾಗಿ ನಡೆಸಿದ ಒಂದು ದೊಡ್ಡ ಕಾರ್ಯಕ್ರಮವನ್ನು ಮೂರು ವರ್ಷದ ಮೇಲೆ ಅಳೆದು ನೋಡಿದರೆ, ಒಟ್ಟಾರೆ ಸಂಬಂಧ ಸುಧಾರಿಸಿರಲಿಲ್ಲ. ದಕ್ಷಿಣ ಕೊರಿಯಾ ಮಕ್ಕಳಾಗಲಿ ಅಂತ ಎಷ್ಟೋ ಖರ್ಚು ಮಾಡಿದರೂ 2023ರಲ್ಲಿ ಅಲ್ಲಿನ ಫಲವತ್ತತೆ ದರ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಅನ್ನುವ ಲೆಕ್ಕ, 0.72ಕ್ಕೆ ಇಳಿಯಿತು. ನಮ್ಮ ರಾಜ್ಯದ್ದು 2019-21ರ ಸಮೀಕ್ಷೆಯಲ್ಲಿ 1.7. ಬರೀ ತರಗತಿ, ಬರೀ ದುಡ್ಡು ಸಾಲುವುದಿಲ್ಲ. ಮನೆ ಬಾಡಿಗೆ, ಕೆಲಸದ ಗಂಟೆ, ಮಗು ನೋಡಿಕೊಳ್ಳುವವರು, ಇವುಗಳ ಲೆಕ್ಕ ಸರಿಯಾಗದೆ ಯಾವ ದೇಶದ ಹುಡುಗಿಯೂ ಹೂಂ ಅನ್ನುತ್ತಿಲ್ಲ.

ನನಗೆ ಮದುವೆಯೇ ಬೇಡ. ಸರ್ಕಾರಕ್ಕೆ ನಾನು ಲೆಕ್ಕಕ್ಕಿಲ್ವಾ?

ಇದ್ದೀರಿ. ಬಡತನ ರೇಖೆಗಿಂತ ಕೆಳಗಿರುವ, 40ರಿಂದ 64 ವಯಸ್ಸಿನ ಅವಿವಾಹಿತ ಮತ್ತು ವಿಚ್ಛೇದಿತ ಹೆಣ್ಣುಮಕ್ಕಳಿಗೆ ಮನಸ್ವಿನಿ ಪಿಂಚಣಿ ಇದೆ. ತಿಂಗಳಿಗೆ 800 ರೂ. ಬೆಂಗಳೂರಿಗೆ ಅದು ತುಂಬಾ ಕಡಿಮೆ. ಆದರೂ ಅರ್ಜಿ ಹಾಕಿ. ನಾಡಕಚೇರಿಯಲ್ಲಿ ತೆಗೆದುಕೊಳ್ಳುತ್ತಾರೆ.

ನೋಂದಣಿಗೆ ಬರುವಾಗ ಏನೇನು ತರಬೇಕು?

ಇಬ್ಬರ ಆಧಾರ್, ವಯಸ್ಸಿನ ದಾಖಲೆ, ಲಗ್ನಪತ್ರಿಕೆ, ಮದುವೆಯ ಫೋಟೋ, ಪಾಸ್‌ಪೋರ್ಟ್ ಸೈಜ್ ಫೋಟೋ, ಗುರುತಿನ ಚೀಟಿ ಇರುವ ಮೂರು ಸಾಕ್ಷಿಗಳು. ಮದುವೆ ಫೋಟೋದಲ್ಲಿ ಇಬ್ಬರ ಮುಖವೂ ಕಾಣಬೇಕು. ಬಾಸಿಂಗ ಕಣ್ಣಿಗೆ ಅಡ್ಡ ಬಂದ ಫೋಟೋ ತರಬೇಡಿ. ಹೆಸರು ಎಲ್ಲ ಕಡೆ ಒಂದೇ ತರ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ ಇದ್ದು ಮೂರು ಸಲ ವಾಪಸ್ ಬಂದವರನ್ನು ನೋಡಿದ್ದೇನೆ. ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಆಮೇಲೆ ಮಂಗಳವಾರ ಇಲ್ಲವೇ ಶುಕ್ರವಾರ ಸಂಜೆ ಆರರ ಮೇಲೆ ಬನ್ನಿ, ಕೂತು ತುಂಬೋಣ.